ಬಾಗುವ ಹಲಗೆ, ಸುತ್ತುವ ನೂಲು

ಆರೂವರೆ ಮಿಲಿಮೀಟರ್ ದಪ್ಪದ ಪ್ಲೈವುಡ್ ಎಂದರೆ ಬೀರುವಿನ ಬೆನ್ನಿಗೆ ಹೊಡೆಯುವ ಮಾಲು. ಉದ್ದನೆಯ ಪಟ್ಟಿಯನ್ನು ಎರಡು ತುದಿ ಹಿಡಿದು ಎತ್ತಿದರೆ ನಡುವೆ ಜೋತುಬೀಳುತ್ತದೆ. ಅದರ ಮೇಲೆ ಭಾರ ಹೊರಿಸುವ ಯೋಚನೆ ಯಾವ ಬಡಗಿಗೂ ಬಾರದು. 2010ರ ಬೇಸಿಗೆಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ನಗರ ಆವರಣದಲ್ಲಿ ವಿದ್ಯಾರ್ಥಿಗಳೂ ಸಂಶೋಧಕರೂ ಸೇರಿ ಇದೇ ದಪ್ಪದ ಬರ್ಚ್ ಪ್ಲೈವುಡ್ಡಿನ ಪಟ್ಟಿಗಳಿಂದ ಹನ್ನೆರಡು ಮೀಟರಿಗೂ ಮಿಕ್ಕಿದ ವ್ಯಾಸದ ಮಂಟಪವೊಂದನ್ನು ಎಬ್ಬಿಸಿ ನಿಲ್ಲಿಸಿದರು. ಭಾರ ಹೊರುವ ಕೆಲಸವೆಲ್ಲ ಆ ತೆಳು ಪಟ್ಟಿಗಳದೇ.

ಇದು ಸಾಧ್ಯವಾದದ್ದು ಹೇಗೆ ಎನ್ನುವುದಕ್ಕೆ ಭೌತಶಾಸ್ತ್ರದಲ್ಲಿ ಅರ್ಧ ಉತ್ತರವಿದೆ. ಉಳಿದರ್ಧ, ಆ ವಿದ್ಯಾರ್ಥಿಗಳು ಕಲಿತ ರೀತಿಯಲ್ಲಿದೆ.

ವಾಸ್ತುಶಿಲ್ಪ ಓದುವವರ ಹೆಚ್ಚಿನ ಹೊತ್ತು ಕಳೆಯುವುದು ಸ್ಟುಡಿಯೊದಲ್ಲಿ. ಸೆಮಿಸ್ಟರಿನ ಆರಂಭದಲ್ಲಿ ಒಂದು ನಿವೇಶನ, ಒಂದು ಅಗತ್ಯ ಕೊಡುತ್ತಾರೆ: ಗ್ರಂಥಾಲಯ, ಶಾಲೆ, ಬಸ್ ನಿಲ್ದಾಣ, ಹೀಗೆ ಏನಾದರೊಂದು. ವಿದ್ಯಾರ್ಥಿ ನಕ್ಷೆ ಬರೆದು, ರಟ್ಟಿನಲ್ಲಿ ಮಾದರಿ ಮಾಡಿ, ಹಾಳೆಗಳನ್ನು ಗೋಡೆಗೆ ಚುಚ್ಚಿ, ಜ್ಯೂರಿಯ ಮುಂದೆ ನಿಂತು ತನ್ನ ವಿಚಾರವನ್ನು ಸಮರ್ಥಿಸಿಕೊಳ್ಳುತ್ತಾನೆ ಅಥವಾ ಸಮರ್ಥಿಸಿಕೊಳ್ಳುತ್ತಾಳೆ. ಅಲ್ಲಿಗೆ ಕಟ್ಟಡದ ಆಯಸ್ಸು ಮುಗಿಯಿತು. ಆ ಹಾಳೆಯ ಮೇಲಿನ ಚಾವಣಿಗೆ ಮಳೆ ತಾಗುವುದಿಲ್ಲ, ಆ ಕಂಬದ ಮೇಲೆ ತೂಕ ಕೂರುವುದಿಲ್ಲ. ತಾವು ಎಳೆದ ಗೆರೆಯೊಂದು ವಸ್ತುವಾಗಿ ನಿಂತು ಭಾರ ಹೊತ್ತದ್ದನ್ನು ನೋಡದೆಯೇ ಎಷ್ಟೋ ಮಂದಿ ಪದವಿ ಮುಗಿಸುತ್ತಾರೆ. ಇದು ಸಣ್ಣ ಕೊರತೆಯೆಂದು ನನಗೆ ಯಾವತ್ತೂ ಅನಿಸಿಲ್ಲ.

ಸ್ಟುಟ್‌ಗಾರ್ಟಿನಲ್ಲಿ 2008ರಲ್ಲಿ ವಾಸ್ತುಶಿಲ್ಪಿ ಆಕಿಮ್ ಮೆಂಗೆಸ್ ಅವರ ನೇತೃತ್ವದಲ್ಲಿ ಗಣಕ ವಿನ್ಯಾಸದ ಸಂಸ್ಥೆಯೊಂದು ಶುರುವಾಯಿತು. ಕಟ್ಟಡ ರಚನೆಗಳ ಎಂಜಿನಿಯರ್ ಯಾನ್ ಕ್ನಿಪ್ಪರ್ಸ್ ಅವರ ಸಂಸ್ಥೆ ಅದೇ ವಿಶ್ವವಿದ್ಯಾಲಯದಲ್ಲಿತ್ತು. ಎರಡೂ ಕೂಡಿ ನಡೆಸಿದ ಸ್ಟುಡಿಯೊಗೆ ಒಂದು ಕಟ್ಟುಪಾಡಿತ್ತು: ಕೊನೆಗೆ ಉಳಿಯುವುದು ನಿಜವಾದ ಅಳತೆಯಲ್ಲಿ, ಬಯಲಿನಲ್ಲಿ, ಗಾಳಿ ಮಳೆಗೆ ಒಡ್ಡಿಕೊಂಡು ನಿಲ್ಲುವ ರಚನೆ. ಆ ಒಂದು ಷರತ್ತು ಪಾಠದ ಸ್ವರೂಪವನ್ನೇ ಬದಲಾಯಿಸಿತು.

ಹಲಗೆಯನ್ನು ಬಾಗಿಸಿದಾಗ ಏನಾಗುತ್ತದೆ ನೋಡೋಣ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಪದರ ಮೊದಲಿದ್ದ ಉದ್ದದಲ್ಲೇ ಉಳಿಯುತ್ತದೆ. ಹೊರಮೈ ಎಷ್ಟು ಹಿಗ್ಗಿತು ಎಂದು ತಿಳಿಯಲು ಹಲಗೆಯ ಅರ್ಧ ದಪ್ಪವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಸಾಕು. 6.5 ಮಿಲಿಮೀಟರ್ ಹಲಗೆಯನ್ನು 1 ಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹಿಗ್ಗುವುದು ಸಾವಿರದಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು. ಮರ ಅದನ್ನು ತಾಳುತ್ತದೆ. 20 ಮಿಲಿಮೀಟರ್ ಹಲಗೆಯನ್ನು ಅಷ್ಟೇ ಬಾಗಿಸಿದರೆ ಸಾವಿರಕ್ಕೆ ಹತ್ತು ಪಾಲು. ಅಲ್ಲಿ ಮರ ಸೀಳುವ ಅಂಚಿಗೆ ಬಂದಿರುತ್ತದೆ. ಬಾಗಿಸಿ ಕಟ್ಟಬೇಕಾದರೆ ತೆಳುವಾಗಿರಬೇಕು. ತೆಳುವಾದದ್ದು ಭಾರಕ್ಕೆ ಜಗ್ಗುತ್ತದೆ. ವಿದ್ಯಾರ್ಥಿಗಳ ಮುಂದಿದ್ದ ಇಕ್ಕಟ್ಟು ಇದು.

ಬಿಡಿಸಿಕೊಂಡ ಬಗೆ ಬಹಳ ಸೊಗಸಾದದ್ದು. ಬಾಗಿದ ಹಲಗೆ ನೆಟ್ಟಗಾಗಲು ಸದಾ ಒದ್ದಾಡುತ್ತಿರುತ್ತದೆ. ಪಕ್ಕದಲ್ಲೇ ಇನ್ನೊಂದು ಪಟ್ಟಿಯಿಟ್ಟು, ಅದರ ಎಳೆತದಿಂದ ಈ ಒದ್ದಾಟವನ್ನು ಹಿಡಿದು ನಿಲ್ಲಿಸಿದರು. ಒಂದೇ ಪಟ್ಟಿಯ ಉದ್ದಕ್ಕೂ ಬಾಗಿದ ತುಂಡು, ಬಿಗಿದು ನಿಂತ ತುಂಡು ಒಂದಾದ ಮೇಲೊಂದು ಬರುತ್ತವೆ. ಈ ಪಟ್ಟಿ ಬಾಗಿದ ಕಡೆ ಪಕ್ಕದ ಪಟ್ಟಿ ಬಿಗಿದಿರುತ್ತದೆ. ಹೀಗೆ ಹಲಗೆಯೊಳಗೆ ಕೂಡಿಟ್ಟ ಬಲವೇ ಇಡೀ ಮಂಟಪವನ್ನು ಗಡುಸಾಗಿಸುತ್ತದೆ. ಆದರೆ ಎಲ್ಲ ಪಟ್ಟಿಗಳ ಜೋಡಣೆಗಳೂ ಒಂದೇ ಸಾಲಿಗೆ ಬಂದರೆ ಮಂಟಪ ಅಲ್ಲೇ ಮಡಚಿಕೊಳ್ಳುತ್ತದೆ. ಹಾಗಾಗಿ ಜೋಡಣೆಯ ಜಾಗ ಪಟ್ಟಿಯಿಂದ ಪಟ್ಟಿಗೆ ಸರಿಯುತ್ತ ಹೋಗಬೇಕು. ಜಾಗ ಸರಿದರೆ ಉದ್ದ ಬದಲಾಗುತ್ತದೆ, ಉದ್ದ ಬದಲಾದರೆ ಬಾಗು ಬದಲಾಗುತ್ತದೆ. ಕೊನೆಗೆ ಬೇಕಾದದ್ದು ಒಂದರಂತೆ ಒಂದಿಲ್ಲದ ಐನೂರಕ್ಕೂ ಹೆಚ್ಚು ತುಂಡುಗಳು.

ಐನೂರು ಬೇರೆ ಬೇರೆ ತುಂಡುಗಳನ್ನು ಕೈಯಲ್ಲಿ ಬರೆಯಬಹುದು ಎಂದೇ ಇಟ್ಟುಕೊಳ್ಳಿ. ಒಂದು ತುಂಡನ್ನು ತಿದ್ದಿದ ಕೂಡಲೇ ಅದರ ನೆರೆಯವನ್ನು ತಿದ್ದಬೇಕು, ಅವುಗಳ ನೆರೆಯವನ್ನೂ ತಿದ್ದಬೇಕು. ಜೊತೆಗೆ ಬಾಗಿದ ಹಲಗೆಯ ಆಕಾರ ವೃತ್ತದ ಚೂರೂ ಅಲ್ಲ. ಅದಕ್ಕೆ ತನ್ನದೇ ವಕ್ರರೇಖೆಗಳ ಮನೆತನವಿದೆ. ಗಣಿತಜ್ಞ ಆಯ್ಲರ್ 1744ರಲ್ಲೇ ಅದನ್ನು ಬಿಡಿಸಿಟ್ಟಿದ್ದ. ಕೈವಾರ ಹಿಡಿದು ಎಳೆದರೆ ಅದು ಸಿಗುವುದಿಲ್ಲ. ಹಾಗಾಗಿ ಸ್ಟುಡಿಯೊದಲ್ಲಿ ಆಕಾರವನ್ನು ಬರೆಯುವ ಬದಲು ನಿಯಮಗಳನ್ನು ಬರೆದರು. ಪಟ್ಟಿಯ ಅಗಲ ಇಷ್ಟರೊಳಗಿರಲಿ, ತ್ರಿಜ್ಯ ಇದಕ್ಕಿಂತ ಕಿರಿದಾಗದಿರಲಿ, ನೆರೆಯ ಜೋಡಣೆಗಿಂತ ಇಷ್ಟು ದೂರವಿರಲಿ. ಕಂಪ್ಯೂಟರ್ ಆ ಸಂಬಂಧಗಳನ್ನೆಲ್ಲ ಕಾಪಾಡಿಕೊಂಡು ಆಕಾರವನ್ನು ಲೆಕ್ಕ ಹಾಕುತ್ತದೆ. ಒಂದು ಸಂಖ್ಯೆ ಬದಲಾದರೆ ಐನೂರು ತುಂಡುಗಳೂ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಪ್ಯಾರಾಮೆಟ್ರಿಕ್ ವಿನ್ಯಾಸ ಎಂದು ಕರೆಯುವುದು ಇದನ್ನೇ.

ಗೆರೆಗಳ ಬದಲು ಸಂಬಂಧಗಳನ್ನು ಬರೆಯುವ ಈ ವಿಚಾರ ಕಂಪ್ಯೂಟರ್ ಚಿತ್ರಣದಷ್ಟೇ ಹಳೆಯದು. ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯಲ್ಲಿ ತನ್ನ ಡಾಕ್ಟರೇಟ್‌ಗಾಗಿ ರಚಿಸಿದ ‘ಸ್ಕೆಚ್‌ಪ್ಯಾಡ್’ನಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು, ‘ಇವೆರಡೂ ಸಮಾಂತರವಾಗಿರಲಿ’, ‘ಇವೆರಡೂ ಒಂದೇ ಉದ್ದವಿರಲಿ’ ಎಂದು ಕಟ್ಟು ಹಾಕಬಹುದಿತ್ತು. ಆದರೆ 1980ರ ದಶಕದಲ್ಲಿ ಆಟೋಕ್ಯಾಡ್‌ನಂಥ ತಂತ್ರಾಂಶಗಳು ಕಚೇರಿಗಳಿಗೆ ಬಂದಾಗ ಹೆಚ್ಚಾಗಿ ಬಳಕೆಗೆ ಬಿದ್ದದ್ದು ಡ್ರಾಯಿಂಗ್ ಬೋರ್ಡಿನ ಕೆಲಸವನ್ನೇ ಪರದೆಯ ಮೇಲೆ ಮಾಡುವ ರೀತಿ. 1994ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ಚೂಮಿ ಡೀನ್ ಆಗಿದ್ದಾಗ ‘ಕಾಗದವಿಲ್ಲದ ಸ್ಟುಡಿಯೊ’ಗಳು ಶುರುವಾದವು. ಗ್ರೆಗ್ ಲಿನ್, ಹಾನಿ ರಶೀದ್ ಮುಂತಾದವರು ಸಿನಿಮಾದ ಅನಿಮೇಷನ್ ತಂತ್ರಾಂಶಗಳನ್ನು ವಿದ್ಯಾರ್ಥಿಗಳ ಕೈಗಿತ್ತರು. ಅಲ್ಲಿ ಹರಿಯುವ, ಉಬ್ಬುವ, ಹಿಂದೆ ಯಾರೂ ಎಳೆಯದ ಆಕಾರಗಳು ಹುಟ್ಟಿದವು. ನನ್ನ ಪ್ರಕಾರ ಅವು ಕಣ್ಣನ್ನು ಬಿಡುಗಡೆ ಮಾಡಿದವು, ಕೈಯನ್ನು ಮಾತ್ರ ಹಿಂದೆ ಬಿಟ್ಟವು. ಪರದೆಯ ಮೇಲಿನ ಆ ಮೇಲ್ಮೈಗಳಿಗೆ ದಪ್ಪವಿರಲಿಲ್ಲ, ತೂಕವಿರಲಿಲ್ಲ, ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಸ್ಟುಟ್‌ಗಾರ್ಟಿಗೆ ಇನ್ನೊಂದು ಪರಂಪರೆಯ ನೆರವಿತ್ತು. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಪ್ರಕಟಿಸಿದ ಸತ್ಯವೊಂದಿದೆ: ಎರಡು ತುದಿ ಕಟ್ಟಿ ಇಳಿಬಿಟ್ಟ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಗಟ್ಟಿಯಾಗಿ ನಿಲ್ಲುವ ಕಮಾನು ಸಿಗುತ್ತದೆ. ಬಾರ್ಸಿಲೋನಾ ಬಳಿಯ ಚರ್ಚೊಂದಕ್ಕಾಗಿ ಆಂಟೋನಿ ಗೌಡಿ ದಾರಗಳಿಗೆ ಸೀಸದ ಗುಂಡುಗಳ ಪುಟ್ಟ ಚೀಲಗಳನ್ನು ನೇತುಹಾಕಿ ವರ್ಷಗಟ್ಟಲೆ ಆಕಾರ ಹುಡುಕಿದ್ದು ಈ ನಂಬಿಕೆಯಿಂದಲೇ. ಇನ್ನು ಫ್ರೈ ಒಟ್ಟೊ 1964ರಲ್ಲಿ ಹಗುರ ರಚನೆಗಳ ಸಂಸ್ಥೆಯನ್ನು ಕಟ್ಟಿದ್ದು ಇದೇ ಸ್ಟುಟ್‌ಗಾರ್ಟಿನಲ್ಲಿ. ತಂತಿಯ ಚೌಕಟ್ಟನ್ನು ಸಾಬೂನಿನ ನೀರಲ್ಲಿ ಅದ್ದಿ ತೆಗೆದರೆ ಪೊರೆಯೊಂದು ಹರಡಿಕೊಳ್ಳುತ್ತದಲ್ಲ, ಆ ಚೌಕಟ್ಟಿಗೆ ಸಾಧ್ಯವಿರುವ ಅತಿ ಕಡಿಮೆ ಹರಹನ್ನು ಅದು ಕ್ಷಣಾರ್ಧದಲ್ಲಿ ಕಂಡುಕೊಳ್ಳುತ್ತದೆ. ಅಂಥ ಪೊರೆಗಳನ್ನು ಛಾಯಾಚಿತ್ರ ತೆಗೆದು ಅಳೆದು ಒಟ್ಟೊ ಡೇರೆಗಳನ್ನೂ ಚಾವಣಿಗಳನ್ನೂ ರೂಪಿಸಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಚಾವಣಿಗಳು ಅವರ ಕೈಯಿರುವ ಕೆಲಸ. 1975ರಲ್ಲಿ ಮಾನ್‌ಹೈಮ್ ನಗರದಲ್ಲಿ 5 ಸೆಂಟಿಮೀಟರ್ ಚೌಕದ ಮರದ ರೀಪುಗಳನ್ನು ನೆಲದ ಮೇಲೆ ಜಾಲರಿಯಾಗಿ ಹಾಸಿ, ಕೆಳಗಿನಿಂದ ಎತ್ತಿ, ಬಾಗಿಸಿ ಅಲುಗದಂತೆ ಬಿಗಿದು ಮಾಡಿದ ಮಲ್ಟಿಹಾಲೆ ಇಂದಿಗೂ ಇದೆ. 2010ರ ಮಂಟಪಕ್ಕೆ ಅದು ನೇರ ಪೂರ್ವಜ.

ಸಾಬೂನಿನ ಪೊರೆ ಮಾಡುವ ಲೆಕ್ಕವನ್ನು ಕಂಪ್ಯೂಟರ್ ಮಾಡುವ ಒಂದು ದಾರಿಯನ್ನು ಬ್ರಿಟನ್ನಿನ ಎ. ಎಸ್. ಡೇ 1965ರಲ್ಲಿ ಮುಂದಿಟ್ಟರು. ಬೇಕಾದ ಮೇಲ್ಮೈಯನ್ನು ಬಿಂದುಗಳ ಬಲೆಯೆಂದು ಭಾವಿಸಿ, ಬಿಂದುಗಳ ನಡುವೆ ಸ್ಪ್ರಿಂಗುಗಳಿವೆ ಎಂದುಕೊಳ್ಳಿ. ಪ್ರತಿ ಬಿಂದುವೂ ತನ್ನನ್ನು ಎಳೆಯುತ್ತಿರುವ ಸ್ಪ್ರಿಂಗುಗಳ ಬಲವನ್ನೆಲ್ಲ ಕೂಡಿ, ಹೆಚ್ಚು ಎಳೆತವಿರುವ ಕಡೆಗೆ ಒಂದಿಷ್ಟು ಸರಿಯುತ್ತದೆ. ಸರಿದ ಮೇಲೆ ಬಲಗಳು ಬದಲಾಗುತ್ತವೆ, ಮತ್ತೆ ಕೂಡಿ ಮತ್ತೆ ಸರಿಯುತ್ತದೆ. ಇದನ್ನು ಸಾವಿರಾರು ಸಲ ಮಾಡಿದರೆ ಅಲುಗಾಟ ಸಣ್ಣದಾಗುತ್ತ ಕೊನೆಗೆ ನಿಲ್ಲುತ್ತದೆ. ನಿಂತ ಆಕಾರವೇ ಉತ್ತರ. ಇಂದು ವಿದ್ಯಾರ್ಥಿಗಳು ಗ್ರಾಸ್‌ಹಾಪರ್ ಎಂಬ ತಂತ್ರಾಂಶದಲ್ಲಿ ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ನಿಯಮ ಬರೆಯುತ್ತಾರೆ. ಅದರೊಳಗೆ ಕೂರುವ ಕಾಂಗರೂ ಎಂಬ ಭಾಗ ಇಂಥ ಸರಿದಾಟವನ್ನು ಕಣ್ಣೆದುರೇ ತೋರಿಸುತ್ತದೆ. ಒಂದು ಮೂಲೆಯನ್ನು ಎಳೆದರೆ ಇಡೀ ಬಲೆ ನಡುಗಿ, ಹೊಸ ನೆಲೆ ಹುಡುಕಿಕೊಂಡು ನಿಲ್ಲುವುದನ್ನು ಮೊದಲ ಸಲ ನೋಡಿದ ವಿದ್ಯಾರ್ಥಿಗೆ ಬಲ ಎಂಬುದು ಸೂತ್ರದ ಅಕ್ಷರವಾಗಿ ಉಳಿಯುವುದಿಲ್ಲ.

2011ರ ಸ್ಟುಡಿಯೊ ಜೀವಶಾಸ್ತ್ರದ ಕಡೆ ತಿರುಗಿತು. ಸ್ಯಾಂಡ್ ಡಾಲರ್ ಎಂಬುದು ಕಡಲ ತಳದ ಮರಳಿನಲ್ಲಿ ಹುದುಗಿ ಬದುಕುವ, ಸೀ ಅರ್ಚಿನ್ ಬಳಗದ ಚಪ್ಪಟೆ ಜೀವಿ. ಅದರ ಚಿಪ್ಪು ಹಲವು ಫಲಕಗಳು ಅಂಚಿಗೆ ಅಂಚು ಕೂಡಿ ಆದದ್ದು. ಕೂಡುವ ಕಡೆ ಸುಣ್ಣದ ಸಣ್ಣ ಸಣ್ಣ ಮುಂಚಾಚುಗಳು ಒಂದರೊಳಗೊಂದು ಕೂರುತ್ತವೆ. ಫಲಕಗಳು ಸೇರುವ ಪ್ರತಿ ಬಿಂದುವಿನಲ್ಲೂ ಮೂರೇ ಅಂಚುಗಳು. ಇದರ ಮಹತ್ವ ತಿಳಿಯಲು ಎರಡು ರಟ್ಟಿನ ತುಂಡುಗಳನ್ನು ಅಂಚಿಗೆ ಟೇಪು ಹಚ್ಚಿ ಜೋಡಿಸಿ. ಅವು ಬಾಗಿಲಿನ ಹಾಗೆ ಮಡಚುತ್ತವೆ. ಮೂರನೆಯ ತುಂಡನ್ನು ಎರಡರ ಅಂಚಿಗೂ ಸೇರಿಸಿ, ಮೂರು ಅಂಚುಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಹಚ್ಚಿದರೆ ಮಡಚುವಿಕೆ ನಿಂತುಹೋಗುತ್ತದೆ. ನಾಲ್ಕು ತುಂಡು ಕೂಡಿಸಿದರೆ ಮತ್ತೆ ಅಲುಗಾಡುತ್ತದೆ. ಕಂಬಿಗಳ ಜಾಲರಿಯಲ್ಲಿ ತ್ರಿಕೋನಕ್ಕಿರುವ ಸ್ಥಾನ ಫಲಕಗಳ ರಚನೆಯಲ್ಲಿ ಈ ಮೂರಂಚಿನ ಬಿಂದುವಿಗಿದೆ. ಡೆನ್ಮಾರ್ಕಿನ ತೂರೆ ವೆಸ್ಟರ್ 1980ರ ದಶಕದಲ್ಲಿ ಈ ಜೋಡಿಸಂಬಂಧವನ್ನು ಆಳವಾಗಿ ಅಭ್ಯಾಸ ಮಾಡಿದ್ದರು.

ಅದೇ ಆರೂವರೆ ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಈ ನಿಯಮವನ್ನು ಕಟ್ಟುವುದಕ್ಕೆ ಬೇಕಾದದ್ದು 850ಕ್ಕೂ ಹೆಚ್ಚು ಬಗೆಬಗೆಯ ತುಂಡುಗಳು, ಒಂದು ಲಕ್ಷಕ್ಕೂ ಮೀರಿದ ಹಲ್ಲುಗಳು. ಬಡಗಿಗಳು ಪೆಟ್ಟಿಗೆಯ ಮೂಲೆಗಳನ್ನು ಹಲ್ಲು ಬಿಡಿಸಿ ಕೂಡಿಸುವುದು ಹೊಸತಲ್ಲ. ಅಲ್ಲಿ ಮೂಲೆ ಯಾವಾಗಲೂ ಲಂಬಕೋನ, ಅಂದರೆ ತೊಂಬತ್ತು ಡಿಗ್ರಿ. ಇಲ್ಲಿ ಪ್ರತಿ ಅಂಚಿನ ಕೋನವೂ ಬೇರೆ. ಹಲ್ಲಿನ ಬದಿಗಳನ್ನು ಓರೆಯಾಗಿ ಕೊರೆಯಬೇಕು, ಆ ಓರೆ ಅಂಚಿನಿಂದ ಅಂಚಿಗೆ ಬದಲಾಗಬೇಕು. ಮೇಲೆ ಕೆಳಗೆ, ಆಚೆ ಈಚೆ ಮಾತ್ರ ಚಲಿಸುವ ಕೊರೆಯುವ ಯಂತ್ರದಿಂದ ಇದು ಆಗದು. ಕಾರು ಕಾರ್ಖಾನೆಗಳಲ್ಲಿ ಬೆಸುಗೆ ಹಾಕುವ ಮಾದರಿಯ ರೋಬಾಟ್ ತೋಳಿಗೆ ತಿರುಗುವ ಬಿಟ್ ಕಟ್ಟಿದರೆ ಅದು ಬೇಕಾದ ಓರೆಗೆ ವಾಲುತ್ತದೆ.

ಇಲ್ಲಿ ಪರದೆ ಹೇಳದ ಸಂಗತಿಗಳು ಒಂದೊಂದಾಗಿ ಎದುರಾಗುತ್ತವೆ. ಇಂಥ ಸ್ಟುಡಿಯೊಗಳ ನಿಜವಾದ ಕಲಿಕೆ ಇರುವುದು ಇಲ್ಲೇ ಎಂದು ನಾನು ಬಲವಾಗಿ ನಂಬುತ್ತೇನೆ. ತಿರುಗುವ ಬಿಟ್ ದುಂಡಗಿರುತ್ತದೆ. ಹಾಗಾಗಿ ಒಳಮೂಲೆಯನ್ನು ಚೂಪಾಗಿ ಕೊರೆಯಲು ಅದಕ್ಕೆ ಬರುವುದೇ ಇಲ್ಲ, ಬಿಟ್ಟಿನ ತ್ರಿಜ್ಯದಷ್ಟು ದುಂಡು ಉಳಿದುಬಿಡುತ್ತದೆ. ಎದುರಿನ ಚೂಪು ಹಲ್ಲು ಅದರೊಳಗೆ ಕೂರುವುದಿಲ್ಲ. ಮೂಲೆಯಲ್ಲಿ ತುಸು ಆಚೆಗೆ ಹೋಗಿ ಕೊರೆಯಿರಿ ಎಂಬ ಸಾಲೊಂದನ್ನು ನಿಯಮಕ್ಕೆ ಸೇರಿಸಬೇಕು. ಹಲಗೆಯ ಮೇಲೆ ನಮೂದಾದ ದಪ್ಪ ಒಂದು, ಕೈಗೆ ಬಂದದ್ದರ ದಪ್ಪ ಇನ್ನೊಂದು. ಹವೆಯ ತೇವಕ್ಕೆ ಅದು ಮತ್ತೂ ಬದಲಾಗುತ್ತದೆ. ಹಲಗೆಯೊಂದರಲ್ಲಿ 0.2 ಮಿಲಿಮೀಟರ್ ವ್ಯತ್ಯಾಸವೆಂದರೆ ಕಣ್ಣಿಗೇ ಕಾಣದು. ಸಾಲಿನಲ್ಲಿ ಅಂಥ ಐವತ್ತು ಕೂಡಿಕೆಗಳಾದರೆ ಕೊನೆಯ ತುಂಡು 10 ಮಿಲಿಮೀಟರ್ ಆಚೆ ನಿಂತಿರುತ್ತದೆ. ಹಲ್ಲಿನ ಸಂದು ಎಷ್ಟು ಸಡಿಲವಿರಬೇಕು ಎಂಬುದನ್ನು ಮಾದರಿ ತುಂಡುಗಳನ್ನು ಕೊರೆದು, ತಟ್ಟಿ ಕೂರಿಸಿ, ಎಳೆದು ನೋಡಿಯೇ ಗೊತ್ತುಮಾಡಬೇಕು. ಹಾಗೆ ಸಿಕ್ಕ ಸಂಖ್ಯೆ ಮತ್ತೆ ನಿಯಮದೊಳಗೆ ಹೋಗುತ್ತದೆ.

ರೋಬಾಟಿನದೂ ಒಂದು ಹಟವಿದೆ. ಆರು ಕೀಲುಗಳ ತೋಳು ಒಂದೇ ಬಿಂದುವನ್ನು ಹಲವು ಭಂಗಿಗಳಲ್ಲಿ ಮುಟ್ಟಬಲ್ಲದು. ಆದರೆ ಎರಡು ಕೀಲುಗಳ ಅಕ್ಷಗಳು ಒಂದೇ ಸಾಲಿಗೆ ಬಂದಾಗ ಯಾವ ಕೀಲು ಎಷ್ಟು ತಿರುಗಬೇಕು ಎಂಬ ಲೆಕ್ಕಕ್ಕೆ ಒಂದೇ ಉತ್ತರ ಇರುವುದಿಲ್ಲ. ಅಂಥ ಕಡೆ ತೋಳು ಹಠಾತ್ತನೆ ಸುತ್ತಿಬಿಡಬಹುದು, ಇಲ್ಲವೇ ನಿಂತುಬಿಡಬಹುದು. ಹಾಗಾಗಿ ವಿನ್ಯಾಸದ ಕಡತದಲ್ಲಿ ತುಂಡಿನ ಆಕಾರದ ಜೊತೆಗೆ ಅದನ್ನು ಕೊರೆಯುವ ತೋಳಿನ ದಾರಿಯೂ ಇರಬೇಕು. ತೋಳು ತಲುಪದ ಕೋನವಿರುವ ಆಕಾರ ಎಷ್ಟೇ ಚೆಲುವಾಗಿದ್ದರೂ ಅದನ್ನು ಕೈಬಿಡಬೇಕಾಗುತ್ತದೆ. ಇನ್ನು 850 ಬೇರೆ ಬೇರೆ ತುಂಡುಗಳನ್ನು ಕೊರೆದಾದ ಮೇಲೆ ಪ್ರತಿಯೊಂದಕ್ಕೂ ಗುರುತು ಹಾಕಿ ಜೋಡಿಸುವ ಸರದಿಯಲ್ಲಿ ಪೇರಿಸಿಡುವುದೇ ಒಂದು ದೊಡ್ಡ ಕೆಲಸ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲವಾದ್ದರಿಂದ, ಗುರುತು ತಪ್ಪಿದ ತುಂಡನ್ನು ಬರಿಗಣ್ಣಿನಿಂದ ಹುಡುಕುವುದು ಆಗದ ಮಾತು. ಆ ಮಂಟಪ ಎಷ್ಟು ಹಗುರವಾಗಿತ್ತೆಂದರೆ ತನ್ನ ತೂಕಕ್ಕಿಂತ ಗಾಳಿಯ ಸೆಳೆತವೇ ಅದಕ್ಕೆ ದೊಡ್ಡ ಭಾರ. ಹಾರಿಹೋಗದಂತೆ ನೆಲಕ್ಕೆ ಕಟ್ಟಿಹಾಕಬೇಕಾಯಿತು.

2012ರಲ್ಲಿ ಮರ ಬಿಟ್ಟು ನಾರಿಗೆ ಬಂದರು. ಟ್ಯೂಬಿಂಗೆನ್ನಿನ ಜೀವವಿಜ್ಞಾನಿಗಳ ಜೊತೆ ಸೇರಿ ವಿದ್ಯಾರ್ಥಿಗಳು ನೋಡಿದ್ದು ಲಾಬ್‌ಸ್ಟರ್ ಸಿಗಡಿಯ ಮೈಕವಚವನ್ನು. ಬಲ ಒಂದೇ ದಿಕ್ಕಿನಿಂದ ಬರುವ ಕಡೆ ಅದರ ಕೈಟಿನ್ ಎಳೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಯಾವ ದಿಕ್ಕಿನಿಂದಾದರೂ ಬರಬಹುದಾದ ಕಡೆ ಪದರದಿಂದ ಪದರಕ್ಕೆ ದಿಕ್ಕು ತಿರುಗುತ್ತ ಸುರುಳಿ ಮೆಟ್ಟಿಲಿನಂತೆ ಏರುತ್ತದೆ. ವಸ್ತು ಒಂದೇ, ಹಾಸಿದ ದಿಕ್ಕು ಬೇರೆಯಾದ್ದರಿಂದ ಗುಣ ಬೇರೆ. ಇದನ್ನು ಕಟ್ಟಡದ ಅಳತೆಗೆ ತರಲು ತಿರುಗುವ ವೇದಿಕೆಯ ಮೇಲೆ ಹಗುರವಾದ ಉಕ್ಕಿನ ಚೌಕಟ್ಟೊಂದನ್ನು ನಿಲ್ಲಿಸಿ, ರೋಬಾಟ್ ತೋಳಿನಿಂದ ರಾಳದಲ್ಲಿ ಅದ್ದಿದ ಗಾಜಿನ ಎಳೆ, ಕಾರ್ಬನ್ ಎಳೆಗಳನ್ನು ಸುತ್ತಿದರು. ಅಚ್ಚು ಎಂಬುದೇ ಇರಲಿಲ್ಲ. ಹಗ್ಗದ ಮಂಚ ಹೆಣೆಯುವಾಗ ಮೊದಲ ಸುತ್ತು ಚೌಕಟ್ಟಿಂದ ಚೌಕಟ್ಟಿಗೆ ನೆಟ್ಟಗೆ ಬಿಗಿದಿದ್ದು, ಅಡ್ಡ ಬರುವ ಹಗ್ಗ ಅದನ್ನು ಅಮುಕುತ್ತ ಹೋಗುವಂತೆ, ಇಲ್ಲಿಯೂ ಮುಂದಿನ ಎಳೆ ಹಿಂದಿನದನ್ನು ಒತ್ತಿ ಮೈಗೆ ಬಾಗು ತರುತ್ತದೆ. ಗಾಜಿನ ಎಳೆಗಳು ಮೊದಲು ಸುತ್ತಿ ಮೇಲ್ಮೈಯಾದವು, ಅದರ ಮೇಲೆ ಕಾರ್ಬನ್ ಎಳೆಗಳು ಬಲ ಹರಿಯುವ ದಾರಿಯಲ್ಲಿ ಕೂತವು. ರಾಳ ಗಟ್ಟಿಯಾದ ಮೇಲೆ ಚೌಕಟ್ಟು ಕಳಚಿ ತೆಗೆದರು. 8 ಮೀಟರ್ ಹರಹಿನ ಆ ಕವಚದ ದಪ್ಪ 4 ಮಿಲಿಮೀಟರ್, ತೂಕ 320 ಕಿಲೋಗ್ರಾಮಿಗಿಂತ ಕಡಿಮೆ.

ಮುಂದಿನದಕ್ಕೆ ಜೀರುಂಡೆಗಳ ಗಡಸು ಮೇಲ್‌ರೆಕ್ಕೆಯ ಒಳರಚನೆ ಮಾದರಿಯಾಯಿತು. ಕಾರ್ಲ್ಸ್‌ರೂಹೆಯ ಸಿಂಕ್ರೋಟ್ರಾನ್‌ನಲ್ಲಿ ತೆಗೆದ ಸೂಕ್ಷ್ಮ ಎಕ್ಸ್-ರೇ ಚಿತ್ರಗಳಿಂದ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಹಿಡಿದಿಡುವ ಸಣ್ಣ ಕಂಬಗಳನ್ನು ಕಂಡು, ಎರಡು ರೋಬಾಟುಗಳ ನಡುವೆ ನಾರು ಸುತ್ತಿ 36 ಬೇರೆ ಬೇರೆ ಘಟಕಗಳನ್ನು ಮಾಡಿದರು. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ, ಏಕೆಂದರೆ 2014–15ರ ಕೆಲಸ ಇನ್ನೂ ದೊಡ್ಡ ಹೆಜ್ಜೆ.

ನೀರಿನೊಳಗೆ ಬದುಕುವ ಜೇಡವೊಂದಿದೆ. ಅದು ಗಾಳಿಯ ಗುಳ್ಳೆಯನ್ನು ಮನೆ ಮಾಡಿಕೊಂಡು, ಒಳಗಿನಿಂದ ಎಳೆಗಳನ್ನು ಅಂಟಿಸಿ ಅದನ್ನು ಬಲಪಡಿಸುತ್ತದೆ. ಅದೇ ರೀತಿ ಸ್ಟುಟ್‌ಗಾರ್ಟಿನವರು ಪಾರದರ್ಶಕ ಪ್ಲಾಸ್ಟಿಕ್ ಪೊರೆಯೊಂದಕ್ಕೆ ಗಾಳಿ ತುಂಬಿ, ರೋಬಾಟನ್ನು ಅದರೊಳಗೇ ಇಟ್ಟು, ಒಳಮೈಗೆ ಕಾರ್ಬನ್ ಎಳೆ ಅಂಟಿಸಲು ಹೊರಟರು. ಅಡಚಣೆ ಎಲ್ಲಿ ಬಂತು ಎಂದರೆ, ಗಾಳಿ ತುಂಬಿದ ಪೊರೆ ಒಂದೇ ಕಡೆ ನಿಲ್ಲುವುದಿಲ್ಲ. ತೋಳು ಒತ್ತಿದರೆ ಹಿಂದೆ ಸರಿಯುತ್ತದೆ, ಎಳೆಗಳು ಸೇರಿದಂತೆಲ್ಲ ಕೆಲವು ಕಡೆ ಗಡುಸಾಗಿ ಕೆಲವು ಕಡೆ ಮೆದುವಾಗಿ ಉಳಿಯುತ್ತದೆ. ಮೊದಲೇ ಬರೆದಿಟ್ಟ ದಾರಿಯಲ್ಲಿ ರೋಬಾಟ್ ಹೋದರೆ ಎಳೆ ಅಂಟದೇ ಇರಬಹುದು, ಪೊರೆಯೇ ಹರಿಯಲೂಬಹುದು. ಹಾಗಾಗಿ ತೋಳಿನ ತುದಿಗೆ ಸಂವೇದಕ ಕೂರಿಸಿ, ಪೊರೆಯ ಒತ್ತಡವನ್ನೂ ಅದು ಇರುವ ನೆಲೆಯನ್ನೂ ಆಗಿಂದಾಗ್ಗೆ ಅಳೆದು, ದಾರಿಯನ್ನು ಹೋಗುತ್ತ ಹೋಗುತ್ತಲೇ ತಿದ್ದಿಕೊಳ್ಳುವಂತೆ ಮಾಡಿದರು. ನಿಮಿಷಕ್ಕೆ ಸರಾಸರಿ 0.6 ಮೀಟರ್ ವೇಗದಲ್ಲಿ 5 ಕಿಲೋಮೀಟರ್ ದಾರಿ. ಬಿಡುವಿಲ್ಲದೆ ನಡೆದರೂ ಅದು ಸುಮಾರು 139 ಗಂಟೆಗಳ ಕೆಲಸ. ಹಾಸಿದ ಎಳೆ ಒಟ್ಟು 45 ಕಿಲೋಮೀಟರ್. 40 ಚದರ ಮೀಟರಿನ ಆ ಮಂಟಪದ ತೂಕ 260 ಕಿಲೋಗ್ರಾಂ.

2010ರಿಂದ ಇಲ್ಲಿಯವರೆಗಿನ ಸರಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇದು. ಬಾಗುವ ಪಟ್ಟಿಗಳ ಮಂಟಪದಲ್ಲಿ ವಸ್ತುವಿನ ನಡವಳಿಕೆಯನ್ನು ಮೊದಲೇ ಅಳೆದು ಲೆಕ್ಕ ಮುಗಿಸಿ ಆಮೇಲೆ ಕಟ್ಟಿದ್ದರು. ಹಲ್ಲುಗಳ ಮಂಟಪದಲ್ಲಿ ಯಂತ್ರದ ಮಿತಿಗಳೂ ಲೆಕ್ಕದೊಳಗೆ ಬಂದವು. ಜೇಡದ ಮಂಟಪದಲ್ಲಿ ಕಟ್ಟುವ ಕೆಲಸ ಮುಗಿಯುವ ತನಕ ಲೆಕ್ಕವೂ ಮುಗಿಯಲಿಲ್ಲ. ‘ಮೊದಲು ನಕ್ಷೆ, ಆಮೇಲೆ ಕಟ್ಟಡ’ ಎಂಬ ಕ್ರಮ ಯೂರೋಪಿನಲ್ಲಿ ಶತಮಾನಗಳಿಂದ ವಾಸ್ತುಶಿಲ್ಪಿಯನ್ನು ಮೇಸ್ತ್ರಿಯಿಂದ ಬೇರೆ ಮಾಡಿ ನಿಲ್ಲಿಸಿತ್ತು. ಅದೇ ಗೋಡೆಯನ್ನು ವಿದ್ಯಾರ್ಥಿಗಳ ಸ್ಟುಡಿಯೊವೊಂದು ಒಳಗಿನಿಂದ ಕರಗಿಸತೊಡಗಿತು. ಕಂಪ್ಯೂಟರ್ ನಮ್ಮನ್ನು ವಸ್ತುವಿನಿಂದ ದೂರ ಒಯ್ಯುತ್ತದೆ ಎಂದು ಹೇಳುವವರಿಗೆ ನಾನು ಈ ಸರಣಿಯನ್ನು ತೋರಿಸುತ್ತೇನೆ.

ಇದರ ಇನ್ನೊಂದು ಕವಲು ಸ್ಟುಟ್‌ಗಾರ್ಟಿಗೆ ಹತ್ತಿರದ ಉರ್ಬಾಖ್‌ನಲ್ಲಿ 2019ರಲ್ಲಿ ಎದ್ದು ನಿಂತ 14 ಮೀಟರ್ ಗೋಪುರ. ಅದರ ಮರದ ಗೋಡೆಗಳ ದಪ್ಪ 90 ಮಿಲಿಮೀಟರ್, ಬಾಗು 2.4 ಮೀಟರ್ ತ್ರಿಜ್ಯದ್ದು. ಮೇಲಿನ ಸೂತ್ರಕ್ಕೆ ಹಾಕಿ ನೋಡಿ: ಬಲ ಹಾಕಿ ಬಾಗಿಸಲು ಹೋದರೆ ಹೊರಮೈ ಸಾವಿರಕ್ಕೆ ಹತ್ತೊಂಬತ್ತು ಪಾಲು ಹಿಗ್ಗಬೇಕು, ಮರ ಸೀಳದೆ ಇರದು. ಅಲ್ಲಿ ಯಾರೂ ಬಾಗಿಸಲಿಲ್ಲ. ಮರ ಒಣಗುವಾಗ ನಾರಿನ ಉದ್ದಕ್ಕೆ ಬಹಳ ಕಡಿಮೆ, ಅಡ್ಡಕ್ಕೆ ಬಹಳ ಹೆಚ್ಚು ಕುಗ್ಗುತ್ತದೆ. ನಾರಿನ ದಿಕ್ಕು ಬೇರೆ ಬೇರೆಯಾಗುವಂತೆ ಎರಡು ಪದರಗಳನ್ನು ಹಸಿಯಾಗಿರುವಾಗಲೇ ಅಂಟಿಸಿ ಒಣಗಲು ಬಿಟ್ಟರೆ, ಹಲಗೆ ತಾನಾಗಿ ಡೊಂಕಾಗುತ್ತದೆ. ಹಾಗೆ ಡೊಂಕಾದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಆಕಾರವನ್ನು ಬಂಧಿಸಿದರು. ಬಡಗಿಗಳು ದೋಷವೆಂದು ಬದಿಗೆಸೆಯುವ ಡೊಂಕನ್ನು ಮುಂಚಿತವಾಗಿ ಲೆಕ್ಕ ಹಾಕಿ ಕಟ್ಟುವ ಶಕ್ತಿಯಾಗಿ ದುಡಿಸಿಕೊಂಡದ್ದು ನನಗೆ ಇಡೀ ಕ್ಷೇತ್ರದಲ್ಲೇ ಅತ್ಯಂತ ಜಾಣ ಕೆಲಸವಾಗಿ ಕಾಣುತ್ತದೆ.

ಈ ಮಂಟಪಗಳ ಬಗ್ಗೆ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕಬಾರದು. ಮಂಟಪಕ್ಕೆ ನಲ್ಲಿಯಿಲ್ಲ, ಬಚ್ಚಲಿಲ್ಲ, ಚಳಿಯಿಂದ ಕಾಯುವ ಗೋಡೆಯಿಲ್ಲ. ಮನೆ ಕಟ್ಟುವವರ ಕಷ್ಟಗಳಲ್ಲಿ ಅರ್ಧ ಇದರ ಹತ್ತಿರ ಸುಳಿಯುವುದೇ ಇಲ್ಲ. ರೋಬಾಟ್, ಕಾರ್ಬನ್ ಎಳೆ, ಪ್ರಯೋಗಾಲಯ ಎಲ್ಲ ಕಾಲೇಜುಗಳಿಗೂ ಎಟಕುವ ಸಾಮಗ್ರಿಯಲ್ಲ. ಈ ಕೊನೆಯ ಮಾತಿಗೆ ನನ್ನ ಉತ್ತರವಿದೆ: 2010ರ ಮಂಟಪದ ತಿರುಳು ರೋಬಾಟಿನಲ್ಲಿ ಇರಲಿಲ್ಲ. ತೆಳು ಪ್ಲೈವುಡ್ ಅಥವಾ ಸೀಳಿದ ಬಿದಿರು, ಗರಗಸ, ಬಾಗನ್ನು ಅಳೆಯುವ ತಾಳ್ಮೆ, ಕಟ್ಟಿ ನಿಲ್ಲಿಸಲೇಬೇಕು ಎಂಬ ಷರತ್ತು, ಇಷ್ಟಿದ್ದರೆ ನಮ್ಮ ಯಾವ ಊರಿನ ಕಾಲೇಜಿನಲ್ಲೂ ಆ ಪಾಠ ನಡೆಯಬಹುದು. ನಿಯಮ ಬರೆಯುವ ತಂತ್ರಾಂಶಕ್ಕೆ ಸಾಧಾರಣ ಕಂಪ್ಯೂಟರ್ ಸಾಕು.

ಗಂಭೀರವಾದ ಆಕ್ಷೇಪ ವಸ್ತುವಿನದು. ಕಾರ್ಬನ್ ಎಳೆಯನ್ನು ತಯಾರಿಸಲು ಬಹಳ ಶಕ್ತಿ ಬೇಕು, ಎಪಾಕ್ಸಿ ರಾಳದಲ್ಲಿ ಗಟ್ಟಿಯಾದ ಮೇಲೆ ಅದನ್ನು ಬಿಡಿಸಿ ಮರುಬಳಸುವುದು ಕಷ್ಟ. ಚದರ ಮೀಟರಿಗೆ ಆರೂವರೆ ಕಿಲೋಗ್ರಾಂ ತೂಗುವ ಚಾವಣಿ ನೆಲಕ್ಕೆ ಹಗುರ, ಅಷ್ಟರಿಂದಲೇ ಭೂಮಿಗೂ ಹಗುರ ಎನ್ನಲಾಗದು. ಇದೇ ತಂಡಗಳು ಆಮೇಲೆ ಹಿಡಿದ ದಾರಿ ಆ ಆಕ್ಷೇಪಕ್ಕೆ ಓಗೊಟ್ಟಂತಿದೆ. 2019ರಲ್ಲಿ ಹೈಲ್‌ಬ್ರಾನ್ ನಗರದ ಉದ್ಯಾನ ಪ್ರದರ್ಶನಕ್ಕೆ ಹಲ್ಲುಕೂಡಿಕೆಯ 376 ಮರದ ಪೆಟ್ಟಿಗೆಗಳಿಂದ 30 ಮೀಟರ್ ಹರಹಿನ ಚಾವಣಿ ಮಾಡಿದರು. 2021ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಕಾರ್ಬನ್ನಿನ ಬದಲು ಅಗಸೆ ನಾರನ್ನು ರೋಬಾಟಿನಿಂದ ಸುತ್ತಿದ 15 ಘಟಕಗಳ ಮಂಟಪ ಬಂತು. 46 ಚದರ ಮೀಟರ್ ಮುಚ್ಚುವ ಅದರ ತೂಕ ಸುಮಾರು ಒಂದೂವರೆ ಟನ್. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದರಲ್ಲಿ ಕೈಜೋಡಿಸಿದ್ದರು.

ಅಗಸೆ ನಾರು ಕಾರ್ಖಾನೆಯ ಎಳೆಯಂತೆ ಒಂದೇ ಸಮನಾಗಿರುವುದಿಲ್ಲ. ಗಿಡ ಬೆಳೆದ ಹೊಲ, ಆ ವರ್ಷದ ಮಳೆ, ನಾರು ಬಿಡಿಸಿದ ಕ್ರಮ, ಎಲ್ಲವೂ ಅದರ ಬಲದಲ್ಲಿ ಏರುಪೇರು ತರುತ್ತವೆ. ಕಾರ್ಬನ್ನಿಗೆ ಬರೆದ ನಿಯಮಗಳು ಇದಕ್ಕೆ ಹಾಗೆಯೇ ಒಗ್ಗುವುದಿಲ್ಲ. ಸಂದಿಗೆ, ದಪ್ಪಕ್ಕೆ, ಬಾಗಿಗೆ ಮಾಡಿದಂತೆ ಎಳೆಯ ಏರುಪೇರಿಗೂ ಮಾದರಿ ಸುತ್ತಬೇಕು, ಮುರಿಯುವ ತನಕ ಎಳೆಯಬೇಕು, ಸಿಕ್ಕ ಅಳತೆಯನ್ನು ಲೆಕ್ಕದೊಳಗೆ ತರಬೇಕು. ಸ್ಟುಡಿಯೊದ ಬೆಂಚಿನ ಮೇಲೆ ಈಗ ಬಂದು ಕೂತಿರುವ ಕೆಲಸ ಇದು.